ಕಿವಿಗೊಡುವುದೂ ಚಿಕಿತ್ಸೆಯೇ

ಧ್ಯಾನವೂ ಮನೋಚಿಕಿತ್ಸೆಯೂ ಕೈಜೋಡಿಸಿರುವುದು ಈಗ ಯಾರಿಗೂ ಸೋಜಿಗದ ಸಂಗತಿಯಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಜಾನ್ ಕಬಾಟ್-ಜಿನ್ 1979ರಲ್ಲಿ ಆರಂಭಿಸಿದ ಒತ್ತಡ ನಿವಾರಣಾ ತರಬೇತಿಯು ಮೈಂಡ್‌ಫುಲ್‌ನೆಸ್ ಎಂಬ ಪದವನ್ನು ಆಸ್ಪತ್ರೆ, ಕಚೇರಿ, ಶಾಲೆಗಳಿಗೆ ತಲುಪಿಸಿತು. ಆದರೆ ಅದಕ್ಕೂ ಕಾಲು ಶತಮಾನ ಮೊದಲೇ, ರೋಗಿಯ ಎದುರು ಕುಳಿತ ಚಿಕಿತ್ಸಕನ ಅವಧಾನವೂ ಔಷಧದ ಒಂದು ಭಾಗವೆಂದು ಮನಗಂಡು ಜಪಾನಿನ ಝೆನ್ ಮಠಗಳ ಬಾಗಿಲಿಗೆ ಹೋದ ಮನೋವೈದ್ಯೆಯೊಬ್ಬಳಿದ್ದಳು. ಆಕೆ ಕರೆನ್ ಹಾರ್ನಿ. ಆ ಹುಡುಕಾಟ ಬರೀ ಬೌದ್ಧಿಕ ಕುತೂಹಲವಾಗಿರಲಿಲ್ಲ ಎಂಬುದಕ್ಕೆ ಆಕೆಯ ಬದುಕೇ ಸಾಕ್ಷಿ.

ಕರೆನ್ ಹುಟ್ಟಿದ್ದು 1885ರ ಸೆಪ್ಟೆಂಬರ್ 16ರಂದು, ಜರ್ಮನಿಯ ಹ್ಯಾಂಬರ್ಗ್ ಸಮೀಪದ ಬ್ಲಾಂಕೆನೀಸ್‌ನಲ್ಲಿ. ತಂದೆ ಹಡಗಿನ ಕಪ್ತಾನ, ಕಟ್ಟುನಿಟ್ಟಿನ ದೈವಭಕ್ತ. ಆತನ ಮಮತೆಯೆಲ್ಲ ಅಣ್ಣನ ಪಾಲಾಯಿತೆಂಬ ಕೊರಗು ಬಾಲಕಿಯನ್ನು ಬಿಡಲಿಲ್ಲ. ಹದಿಮೂರರ ವಯಸ್ಸಿನಲ್ಲಿ ಆಕೆ ದಿನಚರಿ ಬರೆಯತೊಡಗಿದಳು. ಯಾರಿಗೂ ಹೇಳಲಾಗದ ಮಾತುಗಳಿಗೆ ಕಾಗದವೇ ಕಿವಿಯಾಯಿತು. ವೈದ್ಯೆಯಾಗಬೇಕೆಂಬ ಹಟವೂ ಆ ಎಳವೆಯದೇ. ತಾಯಿಯ ಬೆಂಬಲದಿಂದ ಓದು ಮುಂದುವರಿಸಿ 1906ರಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ವ್ಯಾಸಂಗಕ್ಕೆ ಸೇರಿದಳು. ಜರ್ಮನಿಯ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳಿಗೆ ಆಗಷ್ಟೇ ಬಾಗಿಲು ತೆರೆಯುತ್ತಿದ್ದ ಕಾಲ ಅದು.

1909ರಲ್ಲಿ ಆಸ್ಕರ್ ಹಾರ್ನಿಯೊಂದಿಗೆ ವಿವಾಹ, ಮೂವರು ಹೆಣ್ಣುಮಕ್ಕಳು. ಮೇಲುನೋಟಕ್ಕೆ ತುಂಬಿದ ಸಂಸಾರ. ಒಳಗೆ ಮಾತ್ರ ಕವಿದ ಖಿನ್ನತೆ, ತೀರದ ಬಳಲಿಕೆ. ಫ್ರಾಯ್ಡ್‌ನ ಆಪ್ತ ಶಿಷ್ಯ ಕಾರ್ಲ್ ಅಬ್ರಹಾಂ ಬಳಿ ಆಕೆ ಮನೋವಿಶ್ಲೇಷಣೆಗೆ ಒಳಗಾದಳು. ರೋಗಿಯ ಬೆನ್ನ ಹಿಂದೆ ಕುಳಿತು ವ್ಯಾಖ್ಯಾನ ನೀಡುವ ಆ ಪದ್ಧತಿ ಆಕೆಗೆ ಹೊಸ ಶಾಸ್ತ್ರವೊಂದನ್ನು ಕೊಟ್ಟಿತೇ ಹೊರತು ಬಯಸಿದ ನೆಮ್ಮದಿಯನ್ನು ಕೊಡಲಿಲ್ಲ. 1923ರಲ್ಲಿ ಅಣ್ಣ ತೀರಿಕೊಂಡ. ಪತಿಯ ವ್ಯವಹಾರವೂ ಕುಸಿಯಿತು. ಆ ದಿನಗಳಲ್ಲಿ ಸಾವಿನ ಯೋಚನೆಯೂ ಆಕೆಯನ್ನು ಕಾಡಿತು. 1926ರಲ್ಲಿ ಮಕ್ಕಳೊಂದಿಗೆ ಮನೆ ಬಿಟ್ಟಳು. 1932ರಲ್ಲಿ ಅಮೆರಿಕಕ್ಕೆ ಹೊರಟಳು. ಮೊದಲು ಷಿಕಾಗೊ, ಎರಡು ವರ್ಷಗಳ ಬಳಿಕ ನ್ಯೂಯಾರ್ಕ್.

ಉಂಡ ನೋವು ಸಿದ್ಧಾಂತವಾಗಿ ಮಾಗಿದ್ದು ಅಲ್ಲಿ. ಮಾನಸಿಕ ತೊಳಲಾಟದ ಬೇರನ್ನು ಅದುಮಿಟ್ಟ ಕಾಮದಲ್ಲಿ ಹುಡುಕಿದ ಫ್ರಾಯ್ಡ್‌ನ ದಾರಿಯನ್ನು ಬಿಟ್ಟು, ಅದು ಮನುಷ್ಯ ಸಂಬಂಧಗಳಲ್ಲಿದೆ ಎಂದು ಹಾರ್ನಿ ವಾದಿಸಿದಳು. ಅಕ್ಕರೆ ಸಿಗದ ಮಗುವಿಗೆ ಲೋಕವೇ ಹಗೆಯಂತೆಯೂ ಅದರ ನಡುವೆ ತಾನು ಒಬ್ಬಂಟಿಯಂತೆಯೂ ತೋರುತ್ತದೆ. ಆ ಭಯವನ್ನು ತಾಳಲು ಅದು ಎಲ್ಲರಿಗೂ ಬಾಗುತ್ತದೆ, ಇಲ್ಲವೇ ಎಲ್ಲರ ಮೇಲೂ ಎರಗುತ್ತದೆ, ಅದೂ ಅಲ್ಲವಾದರೆ ಎಲ್ಲರಿಂದ ದೂರ ಸರಿಯುತ್ತದೆ. ಬೆಳೆದ ಮೇಲೆ, ತಾನು ಹೀಗಿರಲೇಬೇಕೆಂಬ ಆದರ್ಶದ ಪ್ರತಿಮೆಯೊಂದನ್ನು ಕಟ್ಟಿಕೊಂಡು ಅದರ ಅಡಿಯಾಳಾಗುತ್ತದೆ. ಮಗು ಎಲ್ಲದರಲ್ಲೂ ಮೊದಲಿಗನಾಗಲೇಬೇಕೆಂದು ಬಯಸುವ ನಮ್ಮ ಮನೆಗಳಿಗೆ ಈ ಬೇಕುಗಳ ದಬ್ಬಾಳಿಕೆ ಅಪರಿಚಿತವೇನಲ್ಲ. ಬೀಜಕ್ಕೆ ಮರವಾಗುವುದನ್ನು ಯಾರೂ ಕಲಿಸಬೇಕಿಲ್ಲ, ನೆಲ ನೀರು ಹದವಾಗಿದ್ದರೆ ಸಾಕು. ಮನುಷ್ಯನ ಬೆಳವಣಿಗೆಯೂ ಹಾಗೆಯೇ ಎಂಬುದು 1950ರಲ್ಲಿ ಬಂದ ಆಕೆಯ ಪ್ರಮುಖ ಗ್ರಂಥದ ತಿರುಳು.

ಭಿನ್ನಮತಕ್ಕೆ ಬೆಲೆ ತೆರಬೇಕಾಯಿತು. 1941ರಲ್ಲಿ ನ್ಯೂಯಾರ್ಕಿನ ಮನೋವಿಶ್ಲೇಷಣಾ ಸಂಸ್ಥೆ ಆಕೆಯ ಬೋಧನಾಧಿಕಾರವನ್ನು ಮೊಟಕುಗೊಳಿಸಿತು. ಸಂಗಡಿಗರೊಂದಿಗೆ ಹೊರನಡೆದ ಹಾರ್ನಿ ತನ್ನದೇ ಸಂಸ್ಥೆಯನ್ನು ಕಟ್ಟಿದಳು. ಆದರೆ ಎರಡೇ ವರ್ಷಗಳಲ್ಲಿ ಆ ಹೊಸ ಸಂಸ್ಥೆ, ವೈದ್ಯಕೀಯ ಪದವಿಯಿಲ್ಲದ ಎರಿಕ್ ಫ್ರಾಮ್‌ನ ಬೋಧನೆಗೆ ಅಡ್ಡಿಯಾಯಿತು. ಮನುಷ್ಯನ ಅಹಂಕಾರವನ್ನು ಅಷ್ಟು ಸ್ಪಷ್ಟವಾಗಿ ಬಿಡಿಸಿಟ್ಟವಳೂ ತನ್ನದನ್ನು ಪೂರ್ತಿ ಗೆದ್ದಿರಲಿಲ್ಲ.

ಝೆನ್ ಆಕೆಯನ್ನು ಸೆಳೆದದ್ದು ಬದುಕಿನ ಕೊನೆಯ ವರ್ಷಗಳಲ್ಲಿ. ಝೆನ್ ವಿದ್ವಾಂಸ ಡಿ.ಟಿ. ಸುಜುಕಿಯ ಸ್ನೇಹ, ಜಪಾನಿ ಮನೋವೈದ್ಯ ಅಕಿಹಿಸಾ ಕೊಂಡೊನ ಒಡನಾಟ ಆಕೆಯನ್ನು 1952ರಲ್ಲಿ ಜಪಾನಿಗೆ ಕರೆದೊಯ್ದವು. ಅದೇ ವರ್ಷ ಶಿಷ್ಯರಿಗೆ ನೀಡಿದ ಉಪನ್ಯಾಸಗಳಲ್ಲಿ ಆಕೆ ಒತ್ತು ನೀಡಿದ್ದು ಚಿಕಿತ್ಸಕನ ಅವಧಾನಕ್ಕೆ: ತನ್ನ ಭಯ, ಹೆಮ್ಮೆ, ಅವಸರಗಳನ್ನು ಬದಿಗಿಟ್ಟು ಎದುರಿನ ಜೀವಕ್ಕೆ ಇಡಿಯಾಗಿ ಕಿವಿಗೊಡುವುದಕ್ಕೆ. ಆ ವಿಚಾರವನ್ನು ಬೆಳೆಸಲು ಕಾಲ ಉಳಿದಿರಲಿಲ್ಲ. ಡಿಸೆಂಬರ್ 4ರಂದು, ಅರವತ್ತೇಳನೆಯ ವಯಸ್ಸಿನಲ್ಲಿ, ಹಾರ್ನಿ ಕ್ಯಾನ್ಸರ್‌ಗೆ ಬಲಿಯಾದಳು. ಉಪನ್ಯಾಸಗಳು ಪುಸ್ತಕವಾದದ್ದು 1987ರಲ್ಲಿ. ಝೆನ್ ಮತ್ತು ಮನೋವಿಶ್ಲೇಷಣೆಯ ಸಂವಾದವನ್ನು 1957ರಲ್ಲಿ ಮೆಕ್ಸಿಕೊದಲ್ಲಿ ಮುಂದುವರಿಸಿದವನು, ಆಕೆಯ ಸಂಸ್ಥೆಯಲ್ಲಿ ನೆಲೆ ಕಾಣದ ಅದೇ ಫ್ರಾಮ್.

ಸಾವಧಾನದ ಅಭ್ಯಾಸ ಇಂದು ಹಲವು ಕಡೆ, ಒಬ್ಬರೇ ಕಣ್ಣುಮುಚ್ಚಿ ಕುಳಿತು ದಣಿವಾರಿಸಿಕೊಂಡು ಮತ್ತೆ ದುಡಿಮೆಗೆ ಮರಳುವ ಉಪಾಯವಾಗಿಬಿಟ್ಟಿದೆ. ಅದರಿಂದ ಪ್ರಯೋಜನವಿಲ್ಲವೆಂದಲ್ಲ. ಆದರೆ ಸಂಬಂಧದಲ್ಲಿ ಆದ ಗಾಯ ಸಂಬಂಧದಲ್ಲಿಯೇ ಮಾಯಬೇಕಾಗುತ್ತದೆ ಎಂಬುದನ್ನು ಹಾರ್ನಿಯ ಬದುಕು ನೆನಪಿಸುತ್ತದೆ. ಶಾಲೆಯಿಂದ ಬಂದ ಮಗುವಿನ ಅಂಕಪಟ್ಟಿಯನ್ನು ಕೇಳುವ ಮೊದಲು ಅದರ ಮಾತನ್ನು ಕೇಳಲು ನಮಗೆ ವ್ಯವಧಾನವಿದೆಯೇ? ಆ ಪ್ರಶ್ನೆಯನ್ನು ಹಾಕಿಕೊಳ್ಳಲು ಯಾವ ಶಿಬಿರಕ್ಕೂ ಹೋಗಬೇಕಿಲ್ಲ.