ಒಂದು ಗಾಲಿಯಿಂದ ನಾಲ್ಕು ಗಾಲಿಗೆ

ಅರಸೀಕೆರೆ ಸಂತೆಗೆ ತೆಂಗಿನಕಾಯಿ ಹೇರಿಕೊಂಡು ಬರುತ್ತಿದ್ದ ಎತ್ತಿನಗಾಡಿಗಳನ್ನು ನಮ್ಮ ಹಿರಿಯರು ಮರೆತಿಲ್ಲ. ಬೇಲೂರು, ಹಳೇಬೀಡು ಕಡೆಯ ಹಳ್ಳಿಗಳಲ್ಲಿ ಗಾಡಿ ಮಾಡುವ ಆಚಾರಿಗೆ ತನ್ನದೇ ಗೌರವವಿತ್ತು. ಹಸಿಮರದಲ್ಲಿ ಮಾಡಿದ ಗಾಲಿ ಒಣಗಿದಂತೆ ಸಡಿಲವಾಗುತ್ತದೆ. ಕಾಯಿಸಿ ತೊಡಿಸಿದ ಕಬ್ಬಿಣದ ಪಟ್ಟಿ ತಣಿದು ಬಿಗಿದರೆ ಮಾತ್ರ ಅದು ಭಾರ ತಡೆಯುತ್ತದೆ. ಇದೇ ಕಸುಬಿನಿಂದ ಅಮೆರಿಕದಲ್ಲಿ ಹೆಸರಾದವರು ಜಾನ್ ಮೊಹ್ಲರ್ ಸ್ಟೂಡಿಬೇಕರ್.

ಜಾನ್ 1833ರಲ್ಲಿ ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗ್ ಬಳಿ ಹುಟ್ಟಿದರು. ತಂದೆ ಕಮ್ಮಾರರು, ಗಾಡಿಯನ್ನೂ ಮಾಡುತ್ತಿದ್ದರು. ಮನೆಯವರೆಲ್ಲ ಡಂಕರ್ ಎಂಬ ಪ್ರೊಟೆಸ್ಟೆಂಟ್ ಪಂಗಡದವರು. ಸರಳವಾಗಿ ಬಾಳಬೇಕು, ಯುದ್ಧದಲ್ಲಿ ಕೈಹಾಕಬಾರದು ಎಂಬುದು ಆ ಪಂಗಡದ ಕಟ್ಟುನಿಟ್ಟು. ತಂದೆ ಧಾರಾಳಿ, ದುಡಿದರೂ ಸಾಲ ಬಿಡಲಿಲ್ಲ.

1852ರಲ್ಲಿ ಅಣ್ಣಂದಿರಾದ ಹೆನ್ರಿ ಮತ್ತು ಕ್ಲೆಮೆಂಟ್ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಪಟ್ಟಣದಲ್ಲಿ 68 ಡಾಲರ್ ಬಂಡವಾಳ ಹಾಕಿ ಕುಲುಮೆ ತೆರೆದರು. ನಮ್ಮವರೇ ಆದ ಪವಿತ್ರ ಶಿಲುಬೆ ಸಭೆಯ ಗುರುಗಳು 1842ರಲ್ಲಿ ನೋಟರ್ ಡೇಮ್ ವಿದ್ಯಾಪೀಠವನ್ನು ಆರಂಭಿಸಿದ್ದು ಇದರ ಪಕ್ಕದಲ್ಲೇ.

ಹತ್ತೊಂಬತ್ತರ ಹರೆಯದ ಜಾನ್‌ಗೆ ಚಿನ್ನದ ಹುಚ್ಚು. 1853ರಲ್ಲಿ ತಾವೇ ಮಾಡಿದ ಗಾಡಿಯನ್ನು ಪ್ರಯಾಣದ ಖರ್ಚಿಗೆ ಬದಲಾಗಿ ಕೊಟ್ಟು ಕ್ಯಾಲಿಫೋರ್ನಿಯಾಕ್ಕೆ ಹೊರಟರು. ದಾರಿಯಲ್ಲಿ ಇಸ್ಪೀಟಿನ ಮೋಸಕ್ಕೆ ಸಿಕ್ಕಿ ಕೈಯಲ್ಲಿದ್ದುದನ್ನು ಕಳೆದುಕೊಂಡರು. ಪ್ಲಾಸರ್ವಿಲ್ ತಲುಪಿದಾಗ ಜೇಬಿನಲ್ಲಿದ್ದದ್ದು 50 ಸೆಂಟ್. ಅಲ್ಲಿ ಅವರು ಚಿನ್ನ ಅಗೆಯಲಿಲ್ಲ. ಅಗೆಯುವವರಿಗೆ ಒಂದು ಗಾಲಿಯ ತಳ್ಳುಗಾಡಿ ಮಾಡಿಕೊಟ್ಟರು. ಐದು ವರ್ಷ ದುಡಿದು 8,000 ಡಾಲರ್ ಉಳಿಸಿದರು.

ಅಷ್ಟರಲ್ಲಿ ಅಣ್ಣಂದಿರಿಗೆ ಸೈನ್ಯದ ಗಾಡಿಗಳ ಕೆಲಸ ಸಿಕ್ಕಿತ್ತು. ಹೆನ್ರಿಗೆ ಅದು ಒಗ್ಗಲಿಲ್ಲ. ಯುದ್ಧ ಪಾಪವೆಂದು ನಂಬಿದವನು ಯುದ್ಧಕ್ಕೆ ಗಾಡಿ ಕಟ್ಟಬಹುದೇ? 1858ರಲ್ಲಿ ಊರಿಗೆ ಮರಳಿದ ಜಾನ್ ಹೆನ್ರಿಯ ಪಾಲನ್ನು ಕೊಂಡರು. ಹೆನ್ರಿ ಬೇಸಾಯಕ್ಕೆ ಇಳಿದರು. 1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ಸ್ಟೂಡಿಬೇಕರ್ ಗಾಡಿಗಳು ಉತ್ತರದ ಸೈನ್ಯದ ಸಾಮಾನು ಹೊತ್ತವು. ಶಾಂತಿಯ ಕಾಲದಲ್ಲಿ ಅದೇ ಕಾರ್ಖಾನೆಯ ಗಾಡಿಗಳು ರೈತರ ಬೆಳೆ ಹೊತ್ತವು.

1872 ಮತ್ತು 1874ರಲ್ಲಿ ಬೆಂಕಿ ಕಾರ್ಖಾನೆಯನ್ನು ಸುಟ್ಟಿತು. ಸಹೋದರರು ಮತ್ತೆ ಕಟ್ಟಿದರು. 1902ರಲ್ಲಿ ಅವರ ಕಂಪನಿ ವಿದ್ಯುತ್ ಕಾರನ್ನೂ 1904ರಲ್ಲಿ ಪೆಟ್ರೋಲ್ ಕಾರನ್ನೂ ಹೊರತಂದಿತು. 1912ರಲ್ಲಿ, ಎಂಬತ್ತರ ಹತ್ತಿರದ ಜಾನ್ ಪ್ಲಾಸರ್ವಿಲ್‌ಗೆ ಹೋಗಿ ಹಳೆಯ ಗೆಳೆಯರೊಡನೆ ಊಟ ಮಾಡಿದರು. ತಳ್ಳುಗಾಡಿಯ ದಿನಗಳನ್ನು ಅವರು ಮುಚ್ಚಿಡಲಿಲ್ಲ. 1917ರಲ್ಲಿ ತೀರಿಕೊಂಡರು.

ಪ್ರಿಯ ಓದುಗರೇ, ಈ ಕಥೆಯಲ್ಲಿ ಜಾನ್‌ರ ಏಳಿಗೆಯನ್ನು ಮೆಚ್ಚುವುದು ಸುಲಭ. ಆದರೆ ಲಾಭ ಬರುವ ಹೊತ್ತಿನಲ್ಲಿ ಪಾಲು ಬಿಟ್ಟು ಹೊಲಕ್ಕೆ ಹೋದ ಹೆನ್ರಿಯನ್ನೂ ನೆನೆಯೋಣ. ನಾಜರೇತಿನ ಬಡಗಿ ಸಂತ ಜೋಸೆಫರನ್ನು ಮೇ 1ರಂದು ಕಾರ್ಮಿಕರ ಪಾಲಕರೆಂದು ಸ್ಮರಿಸುವ ನಾವು, ಕೆಲಸ ಎಷ್ಟು ಚೆನ್ನಾಗಿದೆ ಎಂದು ಕೇಳಿದರೆ ಸಾಲದು; ಅದು ಯಾವುದಕ್ಕೆ ಬಳಕೆಯಾಗುತ್ತದೆ ಎಂದೂ ಕೇಳಬೇಕು. ಈ ಪ್ರಶ್ನೆಗೆ ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಉತ್ತರ ಕೊಟ್ಟರು. ಈ ವಾರ ಊಟಕ್ಕೆ ಕುಳಿತಾಗ ನಿಮ್ಮ ಮಕ್ಕಳ ಮುಂದೆ ಇದನ್ನಿಡಿ. ಅವರು ಏನು ಹೇಳುತ್ತಾರೋ ಕೇಳಿ.