ಹಾಲಿಗೆ ಹೆಸರನ್ನಿತ್ತ ಲೂಯಿ ಪಾಶ್ಚರ್

ನಸುಕಿನಲ್ಲೆದ್ದು ಹೋಟೆಲಿನ ಒಲೆಯ ಮೇಲೆ ಹಾಲಿನ ಪಾತ್ರೆಯನ್ನೇರಿಸುವ ನಮ್ಮ ಬಂಧುಗಳಿಗೆ ಹಾಲು ಹುಳಿಯಾಗುವುದೂ ಒಡೆಯುವುದೂ ಹೊಸ ಸಂಗತಿಗಳಲ್ಲ. ಅದು ಏಕೆ ಕೆಡುತ್ತದೆಂಬುದನ್ನು ಪ್ರಯೋಗದಿಂದ ತೋರಿಸಿಕೊಟ್ಟವನು ಫ್ರಾನ್ಸ್ ದೇಶದಲ್ಲಿ ಚರ್ಮ ಹದಮಾಡುತ್ತಿದ್ದವನೊಬ್ಬನ ಮಗ.

ಲೂಯಿ ಪಾಶ್ಚರನು 1822ರ ಡಿಸೆಂಬರ್ 27ರಂದು ದೋಲ್ ಎಂಬ ಊರಿನಲ್ಲಿ ಜನಿಸಿದನು. ರಸಾಯನಶಾಸ್ತ್ರದಲ್ಲಿ ಹೆಸರು ಗಳಿಸಿ 1854ರಲ್ಲಿ ಲಿಲ್ ನಗರದಲ್ಲಿ ಪ್ರಾಧ್ಯಾಪಕನಾದನು. ಹುಳಿಯುವಿಕೆಯು ಕೇವಲ ರಾಸಾಯನಿಕ ವಿಘಟನೆ, ಅದರಲ್ಲಿ ಜೀವದ ಪಾತ್ರವಿಲ್ಲವೆಂಬುದು ಆಗಿನ ದೊಡ್ಡ ದೊಡ್ಡ ಪಂಡಿತರ ಮತವಾಗಿತ್ತು. ಪಾಶ್ಚರನಾದರೋ ಹುಳಿಯಾದ ದ್ರವದಲ್ಲಿ ಬೂದುಬಣ್ಣದ ಒಂದು ವಸ್ತುವನ್ನು ಗುರುತಿಸಿದನು. ಅದರ ಕಿಂಚಿತ್ತನ್ನು ಸಕ್ಕರೆ ಬೆರೆತ ಹೊಸ ದ್ರವಕ್ಕೆ ಬಿಡಲು, ಅದೂ ಹುಳಿಯತೊಡಗಿತು. ದಿನವೂ ಹಾಲಿಗೆ ಹೆಪ್ಪು ಹಾಕುವ ನಮ್ಮ ತಾಯಂದಿರಿಗೆ ಇದೇನು ಮಹಾ ವಿಸ್ಮಯವೆನಿಸಲಾರದು. ಆದರೆ ಹೆಪ್ಪಿನಲ್ಲಿರುವುದು ಬದುಕಿ ಬೆಳೆಯುವ ಸೂಕ್ಷ್ಮಜೀವಿಯೆಂದು 1857ರಲ್ಲಿ ವಿದ್ವತ್ಸಭೆಯ ಮುಂದೆ ಸಾರುವುದಕ್ಕೆ ಎದೆಗಾರಿಕೆ ಬೇಕಿತ್ತು.

ವಿದ್ಯೆ ಬೆಳೆಯುತ್ತಿದ್ದಂತೆ ಮನೆ ಬರಿದಾಗುತ್ತ ಬಂದಿತು. 1859ರಲ್ಲಿ ಹಿರಿಯ ಮಗಳು ಜಾನ್, ಒಂಬತ್ತು ವರ್ಷದ ಬಾಲೆ, ವಿಷಮಶೀತಜ್ವರದಿಂದ ತೀರಿಕೊಂಡಳು. 1865ರಲ್ಲಿ ಎರಡು ವರ್ಷದ ಕಮೀಲ್ ಹೋದಳು. ಮರುವರ್ಷ ಹನ್ನೆರಡರ ಸೆಸಿಲ್ ಳನ್ನೂ ಅದೇ ವಿಷಮಶೀತಜ್ವರ ಕೊಂಡೊಯ್ದಿತು. ಆ ಜ್ವರದ ಅಣುಜೀವಿ ಯಾವುದೆಂದು ಆಗಿನ್ನೂ ಯಾರೂ ಕಂಡಿರಲಿಲ್ಲ. ನೀರಿನಂತೆ ಹಾಲೂ ಅದನ್ನು ಮನೆಮನೆಗೆ ಒಯ್ಯಬಲ್ಲದೆಂಬುದು ಮುಂದೆ ಸ್ಪಷ್ಟವಾಯಿತು. ಹುಳಿಯಾದ ಹಾಲು ತನ್ನ ದೋಷವನ್ನು ತಾನೇ ಹೇಳಿಕೊಳ್ಳುತ್ತದೆ. ವಿಷಮಶೀತದ ಅಥವಾ ಕ್ಷಯದ ಅಣುಜೀವಿಗಳು ಸೇರಿದ ಹಾಲಾದರೋ ರುಚಿಯಲ್ಲಿಯೂ ವಾಸನೆಯಲ್ಲಿಯೂ ಒಳ್ಳೆಯ ಹಾಲಿನಂತೆಯೇ ಇರಬಲ್ಲದು. ಭಯವಿರುವುದು ಇಲ್ಲಿಯೇ.

ಈ ದುಃಖದ ನಡುವೆಯೇ ಪಾಶ್ಚರನು ದ್ರಾಕ್ಷಾಮದ್ಯ ಕೆಡುವುದನ್ನು ತಡೆಯುವ ಉಪಾಯವನ್ನರಸುತ್ತಿದ್ದನು. ಕುದಿಸಿದರೆ ಅದರ ರುಚಿ ಹಾಳು. ಆದುದರಿಂದ 50ರಿಂದ 60 ಡಿಗ್ರಿಯವರೆಗೆ ಮಾತ್ರ ಕಾಯಿಸಿ, ಕೆಡಿಸುವ ಜೀವಿಗಳನ್ನು ಅಡಗಿಸಿದನು. 1865ರಲ್ಲಿ ಈ ವಿಧಾನಕ್ಕೆ ಪೇಟೆಂಟು ಪಡೆದನಾದರೂ ಅದರಿಂದ ಹಣ ಮಾಡದೆ ಸರ್ವರ ಉಪಯೋಗಕ್ಕೆ ಬಿಟ್ಟುಕೊಟ್ಟನು. ವ್ಯಾಪಾರದಲ್ಲಿರುವ ನಮ್ಮ ಓದುಗರು ಇದರ ಬೆಲೆಯನ್ನು ಬಲ್ಲರು.

1868ರಲ್ಲಿ ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು. ಕೆಲಸ ನಿಲ್ಲಲಿಲ್ಲ. ರೇಷ್ಮೆಹುಳುವಿನ ರೋಗ, ದನಕುರಿಗಳ ನೆರಡಿ, 1885ರಲ್ಲಿ ಹುಚ್ಚುನಾಯಿ ಕಡಿತಕ್ಕೆ ಲಸಿಕೆ, ಇವು ಲೋಕಪ್ರಸಿದ್ಧ.

ಹಾಲಿಗೆ ಈ ವಿಧಾನವನ್ನು ಬಳಕೆಗೆ ತಂದವರು ಇತರರು. ಹಸುಳೆಗಳ ಹಾಲನ್ನು ಕಾಯಿಸಿಯೇ ಕೊಡಬೇಕೆಂದು 1886ರಲ್ಲಿ ಜರ್ಮನಿಯ ಸಾಕ್ಸ್ಲೆಟ್ ಸೂಚಿಸಿದನು. 1893ರಿಂದ ನ್ಯೂಯಾರ್ಕಿನಲ್ಲಿ ವರ್ತಕ ನೇಥನ್ ಸ್ಟ್ರಾಸನು ಬಡವರ ಮಕ್ಕಳಿಗಾಗಿ ಇಂಥ ಹಾಲಿನ ಕೇಂದ್ರಗಳನ್ನು ತೆರೆದನು. ಇಂದು ಡೈರಿಗಳಲ್ಲಿ ಹಾಲನ್ನು 63 ಡಿಗ್ರಿಯಲ್ಲಿ ಅರ್ಧ ಗಂಟೆಯೋ 72 ಡಿಗ್ರಿಯಲ್ಲಿ 15 ಸೆಕೆಂಡೋ ಕಾಯಿಸಿ ಕೂಡಲೇ ತಣಿಸುತ್ತಾರೆ. ರೋಗಾಣುಗಳು ಸಾಯುತ್ತವೆ, ಹಾಲನ್ನು ಕೆಡಿಸುವ ಕೆಲವು ಗಟ್ಟಿ ಜೀವಿಗಳು ಉಳಿಯುತ್ತವೆ. ಪೊಟ್ಟಣದ ಹಾಲಿಗೂ ತಂಪು ಬೇಕಾಗುವುದು ಇದರಿಂದಲೇ. ತೊಳೆಯದ ಪಾತ್ರೆಗೆ ಸುರಿದರೆ ಹೊರಗಿನ ರೋಗಾಣುಗಳು ಮರಳಿ ಸೇರಿಕೊಳ್ಳಲೂ ಅಡ್ಡಿಯಿಲ್ಲ.

ಪಾಶ್ಚರನು 1895ರ ಸೆಪ್ಟೆಂಬರ್ 28ರಂದು ಕಾಲವಾದನು. ಪ್ಯಾರಿಸ್ಸಿನಲ್ಲಿ ಆತನ ಹೆಸರಿನ ಸಂಸ್ಥೆಯ ನೆಲಮನೆಯಲ್ಲಿ ಆತನ ಸಮಾಧಿಯಿದೆ.