ಮಾರಿಯಾ ಮಾಂಟೆಸ್ಸರಿ

ರೋಮ್ ನಗರದ ಹುಚ್ಚಾಸ್ಪತ್ರೆಯೊಂದರಲ್ಲಿ, ಬುದ್ಧಿಮಾಂದ್ಯರೆಂದು ಆಗ ಕರೆಯುತ್ತಿದ್ದ ಮಕ್ಕಳನ್ನು ಬರಿಯ ಕೋಣೆಯೊಂದರಲ್ಲಿ ಇರಿಸಿದ್ದರು. ಊಟ ಮುಗಿದೊಡನೆ ಅವರು ನೆಲಕ್ಕೆ ಬಿದ್ದ ರೊಟ್ಟಿಯ ಚೂರುಗಳಿಗೆ ಮುಗಿಬೀಳುತ್ತಿದ್ದರು. ಇದು ಹೊಟ್ಟೆಬಾಕತನವೆಂದು ಮೇಲ್ವಿಚಾರಕಿ ಹೇಸಿಕೊಂಡು ಹೇಳಿದಳಂತೆ. ಅಲ್ಲಿಗೆ ಬಂದಿದ್ದ ತರುಣ ವೈದ್ಯೆ ಸುತ್ತಲೂ ಕಣ್ಣಾಡಿಸಿದರು. ಮುಟ್ಟಿ ಹಿಡಿದು ಆಡುವುದಕ್ಕೆ ಆ ಕೋಣೆಯಲ್ಲಿ ಒಂದು ಕಡ್ಡಿಯೂ ಇರಲಿಲ್ಲ. ರೊಟ್ಟಿಯ ಚೂರೇ ಆ ಮಕ್ಕಳಿಗೆ ಆಟಿಕೆಯಾಗಿತ್ತು.

ಆ ವೈದ್ಯೆಯೇ ಮಾರಿಯಾ ಮಾಂಟೆಸ್ಸರಿ. 1870ರ ಆಗಸ್ಟ್ 31ರಂದು ಇಟಲಿಯ ಕಿಯಾರವಲ್ಲೆಯಲ್ಲಿ ಜನಿಸಿದ ಈಕೆ, ಹೆಂಗಸರು ವೈದ್ಯಶಾಸ್ತ್ರವನ್ನು ಕಲಿಯುವುದು ತೀರ ವಿರಳವಾಗಿದ್ದ ಕಾಲದಲ್ಲಿ, 1896ರಲ್ಲಿ ರೋಮ್ ವಿಶ್ವವಿದ್ಯಾನಿಲಯದ ವೈದ್ಯ ಪದವಿಯನ್ನು ಪಡೆದರು. ಫ್ರಾನ್ಸಿನ ಇಟಾರ್ ಮತ್ತು ಸೆಗ್ಯಾಂ ಎಂಬ ವೈದ್ಯರ ಗ್ರಂಥಗಳನ್ನು ಓದಿ, ಇಂತಹ ಮಕ್ಕಳಿಗಾಗಿ ಕಲಿಕೆಯ ಉಪಕರಣಗಳನ್ನು ಸಿದ್ಧಪಡಿಸಿದರು. ಅವುಗಳಿಂದ ಕಲಿತ ಕೆಲವರು ಓದುಬರಹದ ಪರೀಕ್ಷೆಯಲ್ಲಿ ಇತರ ಮಕ್ಕಳ ಸಮಕ್ಕೆ ತೇರ್ಗಡೆಯಾದಾಗ ಜನ ಬೆರಗಾದರು. ಆಕೆಗೆ ಹತ್ತಿದ ಚಿಂತೆಯೇ ಬೇರೆ: ಆರೋಗ್ಯವಂತ ಮಕ್ಕಳು ಇಷ್ಟಕ್ಕೇ ನಿಂತಿರುವುದೇಕೆ?

1907ರ ಜನವರಿ 6ರಂದು, ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಆಕೆಯ ಮಕ್ಕಳ ಮನೆ ತೆರೆಯಿತು. ಅಲ್ಲಿ ಅಂದವಾದ ಗೊಂಬೆಗಳೂ ಪುಟ್ಟ ಅಡಿಗೆಮನೆಯ ಆಟದ ಸಾಮಾನುಗಳೂ ಇದ್ದವು. ಮಕ್ಕಳು ತಾವಾಗಿ ಅವನ್ನು ಆರಿಸಿಕೊಳ್ಳಲೇ ಇಲ್ಲ. ಮಾಂಟೆಸ್ಸರಿಯವರು ಜೊತೆಗೆ ಕುಳಿತು ಆಡಿ ತೋರಿಸಿದರು. ಸ್ವಲ್ಪ ಹೊತ್ತು ನೋಡಿ ಮಕ್ಕಳು ಎದ್ದುಹೋದರು. ತಂದುಕೊಟ್ಟ ಗೊಂಬೆಯನ್ನು ಮೂಲೆಗೆಸೆದು ಡಬ್ಬಿ ಮುಚ್ಚಳಗಳೊಡನೆ ಕುಳಿತುಬಿಡುವ ಮಗುವನ್ನು ನೀವೂ ಕಂಡಿರಬಹುದು. ಆ ಮಕ್ಕಳ ಮನಸ್ಸನ್ನು ಸೆಳೆದದ್ದು ಒಂದು ಮರದ ದಿಮ್ಮಿ. ಅದರಲ್ಲಿ ಹತ್ತು ಕುಳಿಗಳು. ಪ್ರತಿಯೊಂದಕ್ಕೂ ಸರಿಹೊಂದುವ, ಹಿಡಿಯುಳ್ಳ ಮರದ ಉರುಳೆ. ಒಂದು ಉರುಳೆಯನ್ನು ತಪ್ಪು ಕುಳಿಯಲ್ಲಿಟ್ಟರೆ ಕೊನೆಗೆ ಯಾವುದೋ ಒಂದು ಹೊಂದದೆ ಉಳಿಯುತ್ತದೆ. ಗದರಿಸುವವರಿಲ್ಲದೆ ಮಗು ತನ್ನ ತಪ್ಪನ್ನು ತಾನೇ ಕಂಡುಕೊಳ್ಳುತ್ತದೆ. ಒಮ್ಮೆ ಸುಮಾರು ಮೂರು ವರ್ಷದ ಹುಡುಗಿಯೊಬ್ಬಳು ಈ ಆಟದಲ್ಲಿ ಮುಳುಗಿದ್ದಳು. ಮಾಂಟೆಸ್ಸರಿಯವರು ಉಳಿದ ಮಕ್ಕಳಿಂದ ಹಾಡಿಸಿದರು. ಅವಳನ್ನು ಕುರ್ಚಿಯೊಡನೆ ಎತ್ತಿ ಮೇಜಿನ ಮೇಲಿಟ್ಟರು. ಅವಳು ತಲೆಯೆತ್ತಲಿಲ್ಲ. 40ಕ್ಕೂ ಹೆಚ್ಚು ಸಲ ಉರುಳೆಗಳನ್ನು ತೆಗೆದು ಜೋಡಿಸಿ, ನಿದ್ದೆಯಿಂದೆದ್ದವಳಂತೆ ಸುತ್ತಲೂ ನೋಡಿ ನಕ್ಕಳು. ಅಂದಿನಿಂದ ಮಗು ಮರಳಿ ಮರಳಿ ಕೈಗೆತ್ತಿಕೊಳ್ಳುವ ವಸ್ತುವನ್ನು ಉಳಿಸಿಕೊಳ್ಳುವುದು, ಉಳಿದುದನ್ನು ಬಿಡುವುದು ಆಕೆಯ ಪದ್ಧತಿಯಾಯಿತು.

ಕಲ್ಪನೆಯ ಆಟಕ್ಕೆ ಆಕೆ ತಕ್ಕ ಸ್ಥಾನ ಕೊಡಲಿಲ್ಲವೆಂದು ಆಕ್ಷೇಪಿಸಿದವರುಂಟು. ಆ ಮಾತನ್ನು ತಳ್ಳಿಹಾಕುವಂತಿಲ್ಲ. ಗೊಂಬೆಗೆ ಹಾಲುಣಿಸುವ ಮಗುವೂ ಏನನ್ನೋ ಕಲಿಯುತ್ತಿರುತ್ತದೆ.

1939ರಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಆಹ್ವಾನದ ಮೇರೆಗೆ ಆಕೆ ಮದರಾಸಿಗೆ ಬಂದರು. ಮರುವರ್ಷ ಇಟಲಿ ಯುದ್ಧಕ್ಕಿಳಿಯಿತು. ಬ್ರಿಟಿಷ್ ಸರ್ಕಾರ ಆಕೆಯನ್ನು ಅಡ್ಯಾರ್ ಬಿಟ್ಟು ಹೋಗದಂತೆ ನಿರ್ಬಂಧಿಸಿ, ಮಗ ಮಾರಿಯೋನನ್ನು ಸೆರೆಯಲ್ಲಿಟ್ಟಿತು. ಆಕೆಯ 70ನೆಯ ಹುಟ್ಟುಹಬ್ಬದಂದು ಮಗನ ಬಿಡುಗಡೆಯಾಯಿತು. ಮುಂದೆ ಕೊಡೈಕೆನಾಲಿನಲ್ಲಿ ಮಕ್ಕಳ ನಡುವೆ ಎರಡು ವರ್ಷ ಕಳೆದರು. ನೂರಾರು ಶಿಕ್ಷಕರಿಗೆ ತರಬೇತಿ ನೀಡಿದರು. 1946ರಲ್ಲಿ ಯೂರೋಪಿಗೆ ಮರಳಿದ ಆಕೆ, 1952ರ ಮೇ 6ರಂದು ಹಾಲೆಂಡಿನಲ್ಲಿ ತೀರಿಕೊಂಡರು.